ಲೆನ್ಸ್ ಇಳಿಯದ ಬೆಳಗ್ಗೆ

ಡಿಸೆಂಬರಿನ ಒಂದು ಮುಂಜಾನೆ, ಸೋಮವಾರಪೇಟೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು, 25 ಮಿಲಿಮೀಟರ್ ವ್ಯಾಸದ ಲೆನ್ಸೊಂದನ್ನು ಅಲ್ಯೂಮಿನಿಯಂ ಬ್ಯಾರೆಲಿನೊಳಗೆ, ಅಂದರೆ ಲೆನ್ಸ್ ಕೂರುವ ಕೊಳವೆಯೊಳಗೆ, ಇಳಿಸಲು ಒದ್ದಾಡುತ್ತಿದ್ದೆ. ಹಿಂದಿನ ದಿನ ಮಧ್ಯಾಹ್ನ ಅದೇ ಲೆನ್ಸ್ ಅದೇ ಬ್ಯಾರೆಲಿಗೆ ಸಲೀಸಾಗಿ ಇಳಿದಿತ್ತು. ಈಗ ಅರ್ಧಕ್ಕೆ ಹೋಗಿ, ಓರೆಯಾಗಿ ಕಚ್ಚಿಕೊಂಡು ಕೂತಿದೆ. ಒತ್ತಿದರೆ ಅಂಚು ಚಕ್ಕೆ ಏಳುತ್ತದೆ, ಎಳೆಯಲು ಹಿಡಿಯುವ ಜಾಗವೇ ಇಲ್ಲ. ಪಕ್ಕದ ಲ್ಯಾಪ್‌ಟಾಪಿನಲ್ಲಿ ನಾನೇ ಬರೆದ ಪ್ರೋಗ್ರಾಂ ಮಾತ್ರ ‘ಹಂತ 4: ಸಾಧ್ಯ’ ಎಂದು ಹಸಿರು ಅಕ್ಷರದಲ್ಲಿ ತೋರಿಸುತ್ತಿತ್ತು.

ನಾನು ಮಾಡಹೊರಟಿದ್ದು ಕಾಫಿ ಬೀಜದ ನಡುವೆ ಕಪ್ಪು, ಕಂದು ಬೀಜ ಗುರುತಿಸುವ ಪುಟ್ಟ ಕ್ಯಾಮೆರಾ. ಅದರ ಬೆನ್ನಿಗಿದ್ದ ಸಂಶೋಧನೆ ಬೇರೆ: ಭಾಗಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂದು ಕಂಪ್ಯೂಟರೇ ಲೆಕ್ಕ ಹಾಕಿ ಹೇಳುವುದು, ಅಂದರೆ ಅಸೆಂಬ್ಲಿ ಪ್ಲಾನಿಂಗ್. ಎರಡನ್ನೂ ಒಟ್ಟಿಗೆ ಹಿಡಿದದ್ದು ದುರಾಸೆಯೇ. ಆದರೆ ಒಂದರ ತಪ್ಪು ಇನ್ನೊಂದರಲ್ಲಿ ಸಿಕ್ಕಿಬಿದ್ದಿದ್ದೂ ಅದರಿಂದಲೇ.

ಮೊದಲು ಖರ್ಚು ಉಳಿಸಲು ಬಿಕೆ7 ಎಂಬ ಕ್ರೌನ್ ಗಾಜಿನ ಒಂಟಿ ಲೆನ್ಸ್ ಹಾಕಿದ್ದೆ, ಫೋಕಲ್ ಲೆಂಗ್ತ್ 50 ಮಿ.ಮೀ. ಈ ಗಾಜಿನ ಅಬ್ಬೆ ಸಂಖ್ಯೆ, ಅಂದರೆ ಗಾಜು ಬಣ್ಣಗಳನ್ನು ಎಷ್ಟು ಕಡಿಮೆ ಚದುರಿಸುತ್ತದೆ ಎಂಬ ಅಳತೆ, ಸುಮಾರು 64. ಐವತ್ತನ್ನು 64ರಿಂದ ಭಾಗಿಸಿದರೆ ನೀಲಿ ಮತ್ತು ಕೆಂಪು ಬೆಳಕು ಫೋಕಸ್ ಆಗುವ ಜಾಗಗಳ ನಡುವಿನ ಅಂತರ ಸಿಗುತ್ತದೆ: ಹತ್ತಿರಹತ್ತಿರ 0.8 ಮಿ.ಮೀ. ಬೀಜದ ಬಣ್ಣವನ್ನೇ ಅಳೆಯಬೇಕಾದ ಕ್ಯಾಮೆರಾಕ್ಕೆ ಇದು ತೀರಾ ಹೆಚ್ಚು. ಒಳ್ಳೆಯ ಬೀಜದ ಸುತ್ತಲೂ ನೇರಳೆ ಅಂಚು ಮೂಡಿ ಪ್ರೋಗ್ರಾಂ ಅದನ್ನು ಕಪ್ಪು ಬೀಜವೆಂದು ಎಣಿಸುತ್ತಿತ್ತು. ಮೂವತ್ತು ವರ್ಷ ಕಾಫಿ ಆರಿಸಿದ ನನ್ನ ಅತ್ತೆ ಪರದೆ ನೋಡಿ, “ಇದರ ಕಣ್ಣಿಗೆ ಪೊರೆ ಬಂದಿದೆಯೇನೋ ಮಗಾ?” ಅಂದರು. ಕ್ರೌನ್ ಗಾಜಿಗೆ, ಬಣ್ಣ ಹೆಚ್ಚು ಚದುರಿಸುವ ಫ್ಲಿಂಟ್ ಗಾಜು ಅಂಟಿಸಿ ದೋಷ ಸರಿದೂಗಿಸಿದ ಡಬ್ಲೆಟ್ ಎರಡು ತರಿಸಿದೆ. ಪೊರೆ ಹೋಯಿತು, ದುಡ್ಡೂ ಹೋಯಿತು.

ಒಟ್ಟು ಭಾಗ 11: ಬ್ಯಾರೆಲ್, ಎರಡು ಡಬ್ಲೆಟ್, ಸ್ಪೇಸರ್, ಅಪರ್ಚರ್ ತಟ್ಟೆ (ಬೆಳಕು ಹೋಗುವ ತೂತಿನ ತಟ್ಟೆ), ಓ-ರಿಂಗ್ (ರಬ್ಬರ್ ಬಳೆ), ಬಿಗಿಯುವ ಉಂಗುರ, ಫಿಲ್ಟರ್, ಅದರ ಹೋಲ್ಡರ್, ಸೆನ್ಸರ್ ಬೋರ್ಡ್, ಹಿಂಬದಿಯ ಮುಚ್ಚಳ. ಹನ್ನೊಂದನ್ನು ಸುಮ್ಮನೆ ಸಾಲಾಗಿಡುವ ಕ್ರಮಗಳೇ 3,99,16,800. ಎಲ್ಲವನ್ನೂ ಪರೀಕ್ಷಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. 1984ರಲ್ಲಿ ಫ್ರಾನ್ಸಿನ ಸಂಶೋಧಕ ಬುರ್ಜೋ ಅವರು ಭಾಗಗಳ ನಡುವಿನ ಒಂದೊಂದು ಸಂಪರ್ಕದ ಬಗ್ಗೆಯೂ ಹೌದು-ಅಲ್ಲ ಪ್ರಶ್ನೆ ಕೇಳುತ್ತಾ ಹೋಗುವ ದಾರಿ ತೋರಿಸಿದರು. 1987ರಲ್ಲಿ ಡಿ ಫಾಜಿಯೋ ಮತ್ತು ವಿಟ್ನಿ ಅದನ್ನು ಸಂಪರ್ಕಕ್ಕೆ ಎರಡೇ ಪ್ರಶ್ನೆಗೆ ಇಳಿಸಿದರು: ಇದಕ್ಕೆ ಮುಂಚೆ ಏನಾಗಿರಬೇಕು? ಇದಾದ ಮೇಲೆ ಮಾಡಲು ಏನನ್ನು ಉಳಿಸಿಕೊಂಡಿರಬೇಕು? ನಾನು ಇದರ ಜೊತೆಗೆ ಇನ್ನೊಂದು ಸುಲಭದ ಉಪಾಯ ಸೇರಿಸಿದೆ. ಕ್ಯಾಡ್ ಚಿತ್ರದಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಬಿಡಿಸಿದ ವಿನ್ಯಾಸದಲ್ಲಿ, ಪೂರ್ತಿ ಜೋಡಿಸಿದ ಕ್ಯಾಮೆರಾವನ್ನು ಪ್ರೋಗ್ರಾಂ ಒಂದೊಂದೇ ಭಾಗವಾಗಿ ಬಿಚ್ಚುತ್ತದೆ, ಬಿಚ್ಚಿದ ಕ್ರಮವನ್ನು ತಿರುಗಿಸಿದರೆ ಜೋಡಿಸುವ ಕ್ರಮ. ಹೀಗೆ ಸೋಸಿ ಉಳಿದ ಇನ್ನೂರು ಚಿಲ್ಲರೆ ಕ್ರಮಗಳಲ್ಲಿ ಬ್ಯಾರೆಲನ್ನು ಕಡಿಮೆ ಸಲ ಬೋರಲು ಹಾಕುವುದಕ್ಕೆ ಹೆಚ್ಚು ಅಂಕ.

ಬಿಚ್ಚಲು ಬಂದದ್ದೆಲ್ಲ ಜೋಡಿಸಲೂ ಬರುತ್ತದೆ ಎಂಬ ನಂಬಿಕೆಯಲ್ಲೇ ತೂತಿತ್ತು. ಅಂಟು ಒಣಗಿದ ಮೇಲೆ ಬಿಚ್ಚಲು ಬರುವುದಿಲ್ಲ, ಇದು ಗೊತ್ತಿದ್ದದ್ದೇ. ನನಗೆ ಹೊಳೆಯದೇ ಹೋದದ್ದು ಗಾಳಿ. ಕ್ಯಾಡ್ ಚಿತ್ರದಲ್ಲಿ ಗಾಳಿ ಇರುವುದಿಲ್ಲ. ಮೊದಲ ಡಬ್ಲೆಟ್ ತಳದಲ್ಲಿ ಕೂತ ಮೇಲೆ ಎರಡನೆಯದನ್ನು ಬಿಟ್ಟರೆ ನಡುವಿನ ಗಾಳಿಗೆ ಹೋಗಲು ದಾರಿಯಿಲ್ಲ, ಸೈಕಲ್ ಪಂಪಿನ ಹಾಗೆ ತಡೆಯುತ್ತದೆ. ಲೆನ್ಸ್ ಆ ಮೆತ್ತೆಯ ಮೇಲೆ ತೇಲಿ ಒಂದು ಕಡೆಗೆ ವಾಲಿದರೆ ಮುಗಿಯಿತು.

ಹಾಗಾದರೆ ಮಧ್ಯಾಹ್ನ ಹೇಗೆ ಇಳಿಯಿತು? ಬೆಳಗ್ಗೆ ಕೋಣೆಯಲ್ಲಿ 12 ಡಿಗ್ರಿ, ಮಧ್ಯಾಹ್ನ 28. ಅಲ್ಯೂಮಿನಿಯಂ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 23 ಭಾಗ ಹಿಗ್ಗಿದರೆ ಬಿಕೆ7 ಹಿಗ್ಗುವುದು 7 ಭಾಗ. 25 ಮಿ.ಮೀ.ಗೆ, 16 ಡಿಗ್ರಿಗೆ ಗುಣಿಸಿದರೆ ವ್ಯತ್ಯಾಸ ಸುಮಾರು 6.4 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಲೆನ್ಸಿಗೂ ಬ್ಯಾರೆಲಿಗೂ ನಡುವೆ ನಾನು ಜಂಬಕ್ಕೆ ಬಿಟ್ಟಿದ್ದ ಸಂದೇ 10 ಮೈಕ್ರಾನ್! ಬೆಳಗಿನ ಚಳಿಗೆ ಅದರ ಬಹುಪಾಲು ಮುಚ್ಚಿಹೋಗಿತ್ತು.

ಇನ್ನೊಂದು ಕಷ್ಟ ಅಂಗಳದಿಂದ ಬಂತು. ಹೊರಗೆ ಕಣದಲ್ಲಿ ಕಾಫಿ, ಆಮೇಲೆ ಕರಿಮೆಣಸು. ಅತಿ ಹೆಚ್ಚು ಅಂಕ ಗಳಿಸಿದ ಕ್ರಮದಲ್ಲಿ ಲೆನ್ಸಿನ ಮುಖ ಮೇಲಕ್ಕೆ ತೆರೆದುಕೊಂಡು ಏಳು ಹಂತ ಕಾಯಬೇಕು. ಮೆಣಸಿನ ಸಿಪ್ಪೆಯ ಒಂದು ಕಣ ಒಳಗೆ ಬಿದ್ದರೆ ಮತ್ತೆಲ್ಲ ಬಿಚ್ಚುವುದೇ.

ಪ್ರೋಗ್ರಾಮನ್ನು ತಿದ್ದುವ ಮುಂಚೆ ಬ್ಯಾರೆಲನ್ನೇ ತಿದ್ದಿದೆ. ಸಂದು 25 ಮೈಕ್ರಾನಿಗೆ ಏರಿತು, ಈ ಕ್ಯಾಮೆರಾಕ್ಕೆ ಅಷ್ಟು ಕೇಂದ್ರ ತಪ್ಪಿದರೆ ನಷ್ಟವಿಲ್ಲ. ಒಳಗೆ ಮೆಟ್ಟಿಲು ಮಾಡಿ, ಎಲ್ಲ ಗಾಜೂ ಒಂದೇ ಕಡೆಯಿಂದ ಇಳಿಯುವ ಹಾಗೆ ಚಿತ್ರ ಬದಲಿಸಿದೆ. ಮೈಸೂರಿನಲ್ಲಿ ಸಿಎನ್‌ಸಿ ಎಂಬ ಕಂಪ್ಯೂಟರ್ ನಡೆಸುವ ಯಂತ್ರದ ಮೇಲೆ ಕಡೆಸಿ ತಂದಾಯಿತು, ಗಾಳಿ ಹೋಗುವ ಗೀರು ಮಾತ್ರ ಚಿತ್ರದಲ್ಲಿ ಹಾಕಲು ಮರೆತಿದ್ದೆ. ಕುಶಾಲನಗರದ ಲೇತ್ ಅಂಗಡಿಗೆ ಓಡಿದೆ. “ಇದಕ್ಕೆ ಮತ್ತೆ ಮೈಸೂರು ಯಾಕೆ ಸಾರ್?” ಅಂದ ಟರ್ನರ್ ಅಣ್ಣ, ಬ್ಯಾರೆಲನ್ನು ಹಿಡಿದು ತಿರುಗಿಸುವ ಚಕ್ ತಿರುಗದ ಹಾಗೆ ಕಟ್ಟಿ, ಬೋರಿಂಗ್ ಟೂಲನ್ನೇ ಕೈಯಲ್ಲಿ ಹಿಂದೆ ಮುಂದೆ ಓಡಿಸಿ, ಒಳಗೋಡೆಗೆ ಉದ್ದುದ್ದ ಗೀರು ಎಳೆದರು. ಚಕ್ಕಿನ ಮೂರು ದವಡೆಗಳನ್ನೇ ಅಳತೆಗೆ ಹಿಡಿದು ಮೂರು ಗೀರು. ಅರ್ಧ ಗಂಟೆಯ ಕೆಲಸ.

ಅದಾದ ಮೇಲೆ ಪ್ರೋಗ್ರಾಮಿಗೆ ಎರಡು ಲೆಕ್ಕ ಸೇರಿಸಿದೆ: ಗಾಜಿನ ಮುಖ ಎಷ್ಟು ಹಂತ ತೆರೆದಿರುತ್ತದೆ, ಭಾಗ ಕೂರುವಾಗ ಅದರ ಕೆಳಗೆ ಮುಚ್ಚಿದ ಜಾಗ ಉಂಟಾಗುತ್ತದೆಯೇ. ಮೊದಲ ಸ್ಥಾನದಲ್ಲಿದ್ದ ಕ್ರಮ ಮೂವತ್ತರಾಚೆಗೆ ಬಿತ್ತು. ಈಗ ಮೇಲೆ ಬಂದಿರುವುದು ಒಂದು ಸಲ ಹೆಚ್ಚು ಬೋರಲು ಹಾಕಿಸುತ್ತದೆ, ಹಾಕಿಸಲಿ.

ಮಳೆಗಾಲದ್ದು ಬೇರೆಯೇ ಪಾಡು. ಜುಲೈಯಲ್ಲಿ ಬಿಡಿ ಲೆನ್ಸಿಗೆ ಬೂಷ್ಟು ಹಿಡಿಯಿತು. ಅತ್ತೆ ಒಲೆ ಮೇಲಿನ ಅಟ್ಟ ತೋರಿಸಿದರು, ಏಲಕ್ಕಿ ಇಡುವ ಜಾಗ. ಬೆಚ್ಚಗಿರುವುದು ನಿಜ, ಆದರೆ ಹೊಗೆ ಗಾಜಿಗೆ ಬೂಷ್ಟಿಗಿಂತ ಕೆಟ್ಟದ್ದು. ಬಿಸ್ಕತ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಟ್ಟೆ.

ಮೊನ್ನೆ ಜನವರಿಯಲ್ಲಿ, ಮತ್ತೆ 12 ಡಿಗ್ರಿಯ ಬೆಳಗ್ಗೆ, ಬೇಕಂತಲೇ ಹೀಟರ್ ಹಾಕದೆ ಎರಡನೆಯ ಡಬ್ಲೆಟನ್ನು ಬಿಟ್ಟು ನೋಡಿದೆ. ಒಂದು ಕ್ಷಣ ತಡೆದು, ಟಿಕ್ ಎಂದು ಕೂತಿತು. ಬಿಗಿಯುವ ಉಂಗುರದ ಕೆಲಸ ಬಾಕಿ ಇದೆ. ಚಳಿಗೆ ಬ್ಯಾರೆಲ್ ಉದ್ದದಲ್ಲೂ ಕುಗ್ಗಿ ಗಾಜನ್ನು ಹಿಂಡುತ್ತದೆ, ಓ-ರಿಂಗ್ ಒಂದಿಷ್ಟು ತಾಳಿಕೊಳ್ಳುತ್ತದೆ. ಎಷ್ಟು ಬಿಗಿದರೆ ಸರಿ ಎಂಬುದು ಸದ್ಯಕ್ಕೆ ನನ್ನ ಬೆರಳಿಗೆ ಗೊತ್ತು, ಪ್ರೋಗ್ರಾಮಿಗೆ ಇನ್ನೂ ಹೇಳಿಲ್ಲ.