ಗೆಣಸು ಗರಿಗರಿ ಆಗಬೇಕಾ, ಮೊದಲು ನೀರು ಓಡಿಸಿ

ಏರ್ ಫ್ರೈಯರ್‌ನಲ್ಲಿ ಗೆಣಸು ಮಾಡಿದರೆ ಮೆತ್ತಗೇ ಆಗುತ್ತದೆ ಅಂತ ತುಂಬಾ ಜನ ಬೇಸರ ಮಾಡಿಕೊಳ್ಳುತ್ತಾರೆ. ನಮ್ಮ ಮನೆಯಲ್ಲೂ ಮೊದಲ ಸಲ ಹಾಗೇ ಆಯಿತು. ಶಿವರಾತ್ರಿ ಹತ್ತಿರ ಬಂದಿತ್ತು, ಕೊಪ್ಪಳದ ಮಾರ್ಕೆಟ್‌ನಲ್ಲಿ ಎಲ್ಲಿ ನೋಡಿದರೂ ಗೆಣಸಿನ ರಾಶಿ. ಎರಡು ಕೆಜಿ ತಂದೆ. ಹೆಚ್ಚಿ, ಎಣ್ಣೆ, ಉಪ್ಪು, ಖಾರಪುಡಿ ಎಲ್ಲ ಒಟ್ಟಿಗೆ ಕಲಸಿ, ಬುಟ್ಟಿ ತುಂಬಾ ಸುರಿದು 200 ಡಿಗ್ರಿಗೆ ಇಟ್ಟೆ. ತೆಗೆದಾಗ ತುದಿಗಳು ಕಪ್ಪು, ನಡು ಮಾತ್ರ ಮೆತ್ತಗೆ. ಅವ್ವ ಒಂದು ತುಂಡು ಬೆರಳ ಮೇಲೆ ಇಟ್ಟು ನೋಡಿದಳು, ಎರಡೂ ಕಡೆ ಜೋತುಬಿತ್ತು. "ಇದಕ್ಕಿಂತ ಕುದಿಸಿದ ಗೆಣಸ ಚಲೋ ಇರ್ತಿತ್ತಲ್ಲವಾ" ಅಂದಳು.

ಅವಳು ಹೇಳಿದ್ದು ಖರೇನೇ. ಆಮೇಲೆ ಆ ಸೀಸನ್ ಪೂರ್ತಿ ಮಾಡಿ ಮಾಡಿ ನೋಡಿದೆ. ಗೆಣಸು ಗರಿಗರಿ ಆಗದಂತೆ ತಡೆಯುವುದು ನೀರು. ಮಷಿನ್‌ಗೆ ಹಾಕುವ ಮುಂಚೆ ಎಷ್ಟು ಚೆನ್ನಾಗಿ ಒಣಗಿಸುತ್ತೀರಿ, ಹಾಕಿದ ಮೇಲೆ ಆವಿ ಹೋಗಲು ಎಷ್ಟು ಜಾಗ ಬಿಡುತ್ತೀರಿ, ಕೆಲಸ ಎಲ್ಲ ಇರುವುದು ಇಲ್ಲೇ.

ಏರ್ ಫ್ರೈಯರ್ ಅಂದರೆ ಒಂದು ಸಣ್ಣ ಓವನ್. ಮೇಲೆ ಕಾಯುವ ಕಾಯಿಲ್, ಅದರ ಮೇಲೆ ಜೋರಾಗಿ ತಿರುಗುವ ಫ್ಯಾನ್. ಬಿಸಿ ಗಾಳಿ ತುಂಡುಗಳ ಸುತ್ತ ಸುತ್ತಿ ಮೇಲ್ಮೈ ಒಣಗಿಸುತ್ತದೆ. ಅಷ್ಟೇ ಅದರ ಕೆಲಸ. ಕುದಿಯುವ ಎಣ್ಣೆಯಷ್ಟು ಬೇಗ ಅದು ನೀರು ಓಡಿಸಲಾರದು. ಗವಿಮಠದ ಜಾತ್ರೆಯ ದಾಸೋಹದಲ್ಲಿ ಬಾಣಲೆಯಿಂದ ಎತ್ತಿದ ಮಿರ್ಚಿಯ ಗರಿಗರಿ ಇದರಲ್ಲಿ ಬರಲಿ ಅಂತ ಕಾಯಬೇಡಿ. ಆಲೂಗಡ್ಡೆ ಫ್ರೈಸ್‌ನಷ್ಟು ಗಟ್ಟಿ ಹೊರಪದರವೂ ಬರುವುದಿಲ್ಲ, ಯಾಕೆಂದರೆ ಗೆಣಸಿನಲ್ಲಿ ಸಕ್ಕರೆ ಜಾಸ್ತಿ. ಆ ಸಕ್ಕರೆ ಬೇಗ ಕೆಂಪಾಗುತ್ತದೆ, ಬೇಗ ಸುಡುತ್ತದೆ. ಒಳಗಿನ ನೀರು ಹೋಗುವಷ್ಟರಲ್ಲಿ ತುದಿ ಕರಕಲು. ನನ್ನ ಮೊದಲ ಸಲದ ಗೆಣಸಿಗೆ ಆಗಿದ್ದೂ ಇದೇ. ಆದರೆ ಹೊರಗೆ ತೆಳ್ಳಗೆ ಕುರುಕಲು, ಒಳಗೆ ಬೆಣ್ಣೆಯಂಥ ಸಿಹಿ, ಅದು ಖಂಡಿತ ಬರುತ್ತದೆ.

ಗೆಣಸು ಆರಿಸುವಾಗ ಹೊರಗೆ ಕೆಂಪು, ಒಳಗೆ ಬಿಳಿ ಇರುವುದನ್ನೇ ತಗೊಳ್ಳಿ. ನಮ್ಮ ಕಡೆ ಸಿಗುವುದು ಹೆಚ್ಚಾಗಿ ಅದೇ. ಅದರಲ್ಲಿ ಹಿಟ್ಟಿನ ಅಂಶ ಜಾಸ್ತಿ, ನೀರು ಕಮ್ಮಿ. ಒಳಗೆ ಕೇಸರಿ ಬಣ್ಣ ಇರುವುದೂ ಈಗ ಅಲ್ಲಲ್ಲಿ ಸಿಗುತ್ತದೆ. ತಿರುವನಂತಪುರದ ಗಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಭೂ ಸೋನಾ ಅಂಥದ್ದೇ ತಳಿ. ತಿನ್ನಲು ಒಳ್ಳೆಯದು, ಎ ವಿಟಮಿನ್‌ಗೆ ಬೇಕಾದ ಬೀಟಾ ಕ್ಯಾರೊಟಿನ್ ತುಂಬಾ ಇರುತ್ತದೆ. ಆದರೆ ಕೇಸರಿ ಗೆಣಸು ಸಾಮಾನ್ಯವಾಗಿ ಬೇಗ ಮೆತ್ತಗಾಗುತ್ತದೆ, ಮೊದಲ ಸಲಕ್ಕೆ ಬೇಡ. ಸಣ್ಣ ಸಣ್ಣ ತೂತು ಇರುವ ಗಡ್ಡೆಯನ್ನು ಮಾತ್ರ ಮುಟ್ಟಬೇಡಿ. ಅದು ಮೂತಿ ಹುಳು ಕೊರೆದದ್ದು. ಆ ಭಾಗ ಕಹಿ, ಒಂಥರಾ ವಾಸನೆ. ಹೆಚ್ಚಿ ತೆಗೆದರೂ ಕಹಿ ಉಳಿಯುತ್ತದೆ, ಪೂರ್ತಿ ಎಸೆದುಬಿಡಿ. ತಂದ ಗೆಣಸನ್ನು ಫ್ರಿಜ್‌ಗೆ ಇಡಬೇಡಿ. ತಂಪಿಗೆ ಒಳಗೆ ಗಟ್ಟಿ ಗಂಟು ಕಟ್ಟುತ್ತದೆ, ಎಷ್ಟು ಬೇಯಿಸಿದರೂ ಬೇಯದು. ಬುಟ್ಟಿಯಲ್ಲಿ ಗಾಳಿಗೆ ಇಟ್ಟರೆ ಸಾಕು.

ಅರ್ಧ ಕೆಜಿ ಗೆಣಸಿನ ಲೆಕ್ಕ ಹೇಳುತ್ತೇನೆ. ಮಣ್ಣು ಹೋಗುವ ತನಕ ತಿಕ್ಕಿ ತೊಳೆಯಿರಿ. ಸಿಪ್ಪೆ ತೆಗೆಯುವುದು ಬಿಡುವುದು ನಿಮ್ಮಿಷ್ಟ. ನಾನು ತೆಗೆಯುತ್ತೇನೆ, ಇಲ್ಲದಿದ್ದರೆ ಆಮೇಲೆ ಉದುರಿಸುವ ಹಿಟ್ಟು ಸಿಪ್ಪೆ ಇರುವ ಕಡೆ ಹಿಡಿಯುವುದಿಲ್ಲ. ಕಿರುಬೆರಳ ದಪ್ಪಕ್ಕೆ, ಅಂದರೆ ಸುಮಾರು ಒಂದು ಸೆಂಟಿಮೀಟರ್‌ಗೆ, ಉದ್ದುದ್ದ ಹೆಚ್ಚಿಕೊಳ್ಳಿ. ಎಲ್ಲ ಒಂದೇ ದಪ್ಪ ಇರಬೇಕು, ಇಲ್ಲಿ ಅವಸರ ಬೇಡ. ಒಂದು ದಪ್ಪ, ಒಂದು ಸಣ್ಣ ಆದರೆ ಸಣ್ಣದು ಸುಟ್ಟು ಕೂತಿರುತ್ತದೆ, ದಪ್ಪದ್ದು ಇನ್ನೂ ಹಸಿ. ಹೆಚ್ಚುವಾಗ ಬಿಳಿ ಹಾಲಿನಂಥ ಅಂಟು ಬರುತ್ತದಲ್ವಾ, ಗಾಳಿಗೆ ಬಿಟ್ಟರೆ ತುಂಡು ಕಪ್ಪಾಗುತ್ತದೆ, ಅದಕ್ಕೆ ಹೆಚ್ಚಿದ ಹಾಗೇ ತಣ್ಣೀರಿಗೆ ಹಾಕುತ್ತಾ ಹೋಗಿ. ಅರ್ಧ ಗಂಟೆ ನೆನೆಯಲಿ. ನೀರು ಮಜ್ಜಿಗೆ ತಿಳಿಯಂತೆ ಆಗುತ್ತದೆ, ಮೇಲಿನ ಹಿಟ್ಟು ಬಿಟ್ಟಿದ್ದು ಅದು. ಆ ನೀರು ಚೆಲ್ಲಿ ಇನ್ನೊಂದು ಸಲ ಜಾಲಿಸಿ.

ಈಗ ಒಣಗಿಸುವುದು. ಎಲ್ಲರೂ ಬೇಗ ಮುಗಿಸಿಬಿಡುವುದು ಇದನ್ನೇ, ಕೆಡುವುದೂ ಇಲ್ಲೇ. ಸೋಸಿದ ತುಂಡುಗಳನ್ನು ಹತ್ತಿ ಟವೆಲ್ ಮೇಲೆ ಒಂದರ ಪಕ್ಕ ಒಂದು ಹರಡಿ, ಇನ್ನೊಂದು ಬಟ್ಟೆಯಿಂದ ಮೇಲೆ ಒತ್ತಿ. ಬಟ್ಟೆ ಒದ್ದೆ ಆದರೆ ಬದಲಿಸಿ. ಆಮೇಲೆ ಫ್ಯಾನ್ ಹಾಕಿ ಹಾಗೇ ಬಿಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಹತ್ತೇ ನಿಮಿಷ ಸಾಕು, ಗಾಳಿಯಲ್ಲೇ ತೇವ ಇರುವುದಿಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿಯವರಿಗೆ ಬೇಸಿಗೆ ಕೊಡುವ ಒಂದು ಅನುಕೂಲ ಇದು. ಮೋಡ ಕವಿದ ದಿನ ಅರ್ಧ ಗಂಟೆ ಬೇಕು. ಒಂದು ತುಂಡು ಕೈಯಲ್ಲಿ ಹಿಡಿದು ನೋಡಿ. ಬೆರಳಿಗೆ ತಣ್ಣಗೆ ಅಂಟಿದರೆ ಇನ್ನೂ ಒಣಗಿಲ್ಲ. ಸೀಮೆಸುಣ್ಣ ಮುಟ್ಟಿದ ಹಾಗೆ ಒರಟಾಗಿ ಅನಿಸಿದರೆ ತಯಾರು.

ಒಣಗಿದ ತುಂಡುಗಳಿಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಉದುರಿಸಿ, ಪಾತ್ರೆ ಮುಚ್ಚಿ ಕುಲುಕಿ. ಕಾರ್ನ್‌ಫ್ಲೋರ್ ಅಂದರೆ ಅಂಗಡಿಯಲ್ಲಿ ಸಿಗುವ ನುಣ್ಣನೆ ಬಿಳಿ ಪುಡಿ, ಮೆಕ್ಕೆಜೋಳದ್ದು. ಮನೆಯಲ್ಲಿರುವ ರೊಟ್ಟಿ ಜೋಳದ ಹಿಟ್ಟಲ್ಲ, ಅದು ಹಾಕಿದರೆ ಹಸಿ ಹಿಟ್ಟಿನ ರುಚಿ ಉಳಿಯುತ್ತದೆ. ಅಕ್ಕಿ ಹಿಟ್ಟು ಹಾಕಬಹುದು, ಸ್ವಲ್ಪ ಗಟ್ಟಿ ಗರಿ ಬರುತ್ತದೆ, ಅದೂ ಚೆನ್ನಾಗಿಯೇ ಇರುತ್ತದೆ. ಹಿಟ್ಟು ತೆಳ್ಳಗೆ, ಬೆಳಗಿನ ಮಂಜಿನಷ್ಟು ಕಾಣಬೇಕು. ದಪ್ಪ ಆದರೆ ಬಿಳಿ ಕಲೆ ಕಲೆ. ಹಿಟ್ಟು ಹಿಡಿದ ಮೇಲೆ ಒಂದು ದೊಡ್ಡ ಚಮಚ ಎಣ್ಣೆ ಹಾಕಿ ಕೈಯಿಂದಲೇ ಮೃದುವಾಗಿ ಹಚ್ಚಿ. ಗಾಣದ ಶೇಂಗಾ ಎಣ್ಣೆ ರುಚಿ ಅನ್ನುವುದು ನಿಜ, ನಾನೂ ಒಗ್ಗರಣೆಗೆ ಅದನ್ನೇ ಹಾಕುತ್ತೇನೆ, ಆದರೆ ಇಷ್ಟು ಬಿಸಿಗೆ ಅದು ಹೊಗೆ ಆಡುತ್ತದೆ. ಇದಕ್ಕೆ ರಿಫೈನ್ಡ್ ಎಣ್ಣೆಯೇ ಸರಿ. ಉಪ್ಪು ಈಗಲೇ ಹಾಕಬೇಡಿ. ಉಪ್ಪು ಬಿದ್ದರೆ ಗೆಣಸು ನೀರು ಬಿಡುತ್ತದೆ, ಇಷ್ಟು ಹೊತ್ತು ಒಣಗಿಸಿದ್ದೆಲ್ಲ ವ್ಯರ್ಥ. ಖಾರಪುಡಿಯೂ ಬೇಡ, ಅದು ಒಳಗೆ ಸುಟ್ಟು ಕಹಿ ಆಗುತ್ತದೆ.

ಮಷಿನ್ ಖಾಲಿ ಇಟ್ಟು 180 ಡಿಗ್ರಿಗೆ ಮೂರು ನಿಮಿಷ ಕಾಯಿಸಿ. ಆಮೇಲೆ ತುಂಡುಗಳನ್ನು ಒಂದೇ ಪದರ ಹರಡಿ, ನಡುವೆ ಜಾಗ ಕಾಣಬೇಕು. ನಾಲ್ಕು ಲೀಟರ್ ಬುಟ್ಟಿಗೆ ಅರ್ಧ ಕೆಜಿ ಒಂದೇ ಸಲ ಹಿಡಿಯುವುದಿಲ್ಲ, ಎರಡು ಸಲ ಮಾಡಿ. ತಡವಾಗುತ್ತದೆ ನಿಜ. ಆದರೆ ಒಂದರ ಮೇಲೆ ಒಂದು ಹೇರಿದರೆ ತುಂಡುಗಳು ಒಂದರ ಆವಿಯಲ್ಲಿ ಇನ್ನೊಂದು ಬೇಯುತ್ತವೆ, ಆಗ ಕುಕ್ಕರ್‌ನಲ್ಲಿ ಇಟ್ಟ ಹಾಗೇ ಆಯಿತು. 180 ಡಿಗ್ರಿಯಲ್ಲಿ 12 ನಿಮಿಷ. ಆರು ನಿಮಿಷಕ್ಕೆ ಹೊರಗೆ ಎಳೆದು ಕುಲುಕಿ, ಅಂಟಿಕೊಂಡದ್ದನ್ನು ಇಕ್ಕಳದಿಂದ ಬಿಡಿಸಿ. ಆ ಹೊತ್ತಿಗೆ ಅವು ಬಾಡಿದ ಹಾಗೆ ಕಾಣುತ್ತವೆ, ಹೆದರಬೇಡಿ, ನೀರು ಹೋಗುತ್ತಿದೆ. 12 ನಿಮಿಷ ಆದ ಮೇಲೆ 200ಕ್ಕೆ ಏರಿಸಿ ನಾಲ್ಕು ನಿಮಿಷ. ಈ ನಾಲ್ಕು ನಿಮಿಷ ಅಡುಗೆಮನೆ ಬಿಟ್ಟು ಹೋಗಬೇಡಿ. ಹೊಂಬಣ್ಣಕ್ಕೂ ಕರಕಲಿಗೂ ಇಲ್ಲಿ ಒಂದೇ ನಿಮಿಷದ ಅಂತರ. ಅಂಚು ಬೆಲ್ಲದ ಬಣ್ಣಕ್ಕೆ ಬಂದು, ಕುಲುಕಿದರೆ ಗಲಗಲ ಅನ್ನಬೇಕು. ಮೆತ್ತಗೆ ಧಪ್ ಅಂದರೆ ಇನ್ನೊಂದೆರಡು ನಿಮಿಷ ಬಿಡಿ. ಒಬ್ಬೊಬ್ಬರ ಮಷಿನ್ ಒಂದೊಂದು ಥರ ಕಾಯುತ್ತದೆ, ಮೊದಲೆರಡು ಸಲ ಗಡಿಯಾರಕ್ಕಿಂತ ಕಣ್ಣನ್ನೇ ನಂಬಿ.

ಪ್ಲಗ್ ಬಗ್ಗೆ ಒಂದು ಮಾತು. 1500 ವ್ಯಾಟ್‌ನ ಮಷಿನ್‌ಗೆ 16 ಆಂಪ್‌ನ ದೊಡ್ಡ ಪಾಯಿಂಟ್ ಬೇಕು, ಮಿಕ್ಸಿ ಜೊತೆ ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ಹಾಕಬೇಡಿ. 20 ನಿಮಿಷ ಓಡಿದರೆ ಅರ್ಧ ಯೂನಿಟ್ ಆಗಬಹುದು, ಅಷ್ಟೇ. ನಡುವೆ ಕರೆಂಟ್ ಹೋಯಿತಾ? ಬುಟ್ಟಿ ಒಳಗೇ ಬಿಟ್ಟು ಕಾಯಬೇಡಿ. ಹೊರಗೆ ಎಳೆದಿಡಿ, ಆವಿ ಹೋಗಲಿ. ಕರೆಂಟ್ ಬಂದ ಮೇಲೆ ಮುಂದುವರಿಸಿದರೂ ಕೆಡುವುದಿಲ್ಲ.

ಉಪ್ಪು ಹಾಕುವುದು ಹೊರಗೆ ತೆಗೆದ ತಕ್ಷಣ, ಎಣ್ಣೆ ಇನ್ನೂ ಮಿರುಗುತ್ತಿರುವಾಗ. ನಮ್ಮ ಮನೆಯಲ್ಲಿ ಅದರ ಮೇಲೆ ಬೀಳುವುದು ಶೇಂಗಾ ಚಟ್ನಿಪುಡಿ. ರೊಟ್ಟಿಗೆ ಮಾಡಿದ್ದು ತರಿತರಿ ಇದ್ದರೆ ಇನ್ನೊಮ್ಮೆ ಕುಟ್ಟಿ, ನುಣ್ಣಗಿದ್ದರೆ ತುಂಡಿಗೆ ಹಿಡಿಯುತ್ತದೆ. ಗೆಣಸಿನ ಸಿಹಿ, ಶೇಂಗಾದ ಎಣ್ಣೆಯಂಶ, ಬ್ಯಾಡಗಿ ಮೆಣಸಿನ ಬಣ್ಣ, ಬೆಳ್ಳುಳ್ಳಿ ಘಮ, ಇದಕ್ಕಿಂತ ಒಳ್ಳೆಯ ಮಸಾಲೆ ನನಗೆ ಸಿಕ್ಕಿಲ್ಲ. ಗಟ್ಟಿ ಮೊಸರಿಗೆ ಗುರೆಳ್ಳು ಪುಡಿ ಕಲಸಿ ಪಕ್ಕದಲ್ಲಿಡಿ. ನಿಂಬೆಹಣ್ಣು ತಟ್ಟೆಯಲ್ಲಿ ಹಿಂಡಬೇಡಿ, ಮತ್ತೆ ಮೆತ್ತಗಾಗುತ್ತದೆ. ತಿನ್ನುವವರೇ ಹಿಂಡಿಕೊಳ್ಳಲಿ.

ಉಪವಾಸದ ದಿನಕ್ಕಾದರೆ ಕಾರ್ನ್‌ಫ್ಲೋರ್ ಬದಲು ಸಾಬೂದಾನಿ ಒಣಗಲೇ ಮಿಕ್ಸಿಗೆ ಹಾಕಿ ಜರಡಿ ಹಿಡಿದ ಪುಡಿ ಹಾಕಿ, ಬೆಳ್ಳುಳ್ಳಿ ಇಲ್ಲದ ಶೇಂಗಾ ಪುಡಿ, ಸೈಂಧವ ಉಪ್ಪು. ಅವ್ವ ಈಗ ಶಿವರಾತ್ರಿಗೆ ಅರ್ಧ ಕುದಿಸುತ್ತಾಳೆ, ಅರ್ಧ ನನ್ನ ಕೈಗೆ ಕೊಡುತ್ತಾಳೆ.

ಉಳಿದರೆ 200 ಡಿಗ್ರಿಗೆ ಮೂರು ನಿಮಿಷ ಬಿಸಿ ಮಾಡಿ, ಮೈಕ್ರೋವೇವ್ ಬೇಡ. ಡಬ್ಬಿಗೆ ಹಾಕಿ ಮುಚ್ಚುವುದೂ ಬೇಡ. ಈ ಗರಿ ಹತ್ತು ಹದಿನೈದು ನಿಮಿಷದ್ದು. ಅದಕ್ಕೆ ನಾನು ಬುಟ್ಟಿ 200ಕ್ಕೆ ಏರಿಸಿದ ಕೂಡಲೇ ಎಲ್ಲರನ್ನೂ ಕರೆದುಬಿಡುತ್ತೇನೆ, ತಟ್ಟೆ ಹಿಡಿದು ಬಂದು ಕೂರುವಷ್ಟರಲ್ಲಿ ನಾಲ್ಕು ನಿಮಿಷ ಆಗಿರುತ್ತದೆ.