ಹೆಲ್ಮೆಟ್ ತೆಗೀದೆ ಫೋಟೋ ಹೊಡಿಯೋ ಕ್ಯಾಮೆರಾ ಹುಡುಕಿದ್ದು: ನನ್ನ ಅನುಭವ

ಹೋದ ಆಗಸ್ಟ್‌ನಲ್ಲಿ ಚಾರ್ಮಾಡಿ ಇಳೀವಾಗ ತೆಗೆದ ಒಂದು ಫೋಟೋನ 12x18 ಪ್ರಿಂಟ್ ಹಾಕ್ಸಿ ಮನೆ ಹಾಲಲ್ಲಿ ತೂಗ್ ಹಾಕಿದೀನಿ. ಮಂಜೊಳಗಿಂದ ನಮ್ ಗ್ಯಾಂಗಿನವನೊಬ್ಬ ಬರ್ತಿದಾನೆ, ಹೆಡ್‌ಲೈಟ್ ಬಿಟ್ರೆ ಬೈಕೇ ಕಾಣಲ್ಲ, ಆದ್ರೆ ಪಕ್ಕದ ಬಂಡೆ ಮೇಲೆ ಇಳೀತಿರೋ ನೀರಿನ ಗೆರೆ ಒಂದೊಂದೂ ಎಣಿಸ್ಬಹುದು. "ಫೋನ್ ಇದ್ಯಲ್ಲ ಗುರು, ಈಗ್ ಯಾರ್ ಕಾಂಪ್ಯಾಕ್ಟ್ ಕ್ಯಾಮೆರಾ ತಗೋತಾರೆ" ಅಂತ 2 ವರ್ಷ ರೇಗಿಸಿದವ್ರೇ ಬಂದು ಯಾವ ಮಾಡೆಲ್ ಅಂತ ಕೇಳ್ತಿದಾರೆ. ಒಬ್ಬೊಬ್ಬರಿಗೂ ಹೇಳೋ ಬದ್ಲು ಒಂದೇ ಸಲ ಬರ್ದ್‌ಬಿಡ್ತೀನಿ.

ಮೊದ್ಲು ಕಳ್ಕೊಂಡ ದುಡ್ಡಿನ ಲೆಕ್ಕ. ನಂದು 350 ಸಿಸಿ ಸಿಂಗಲ್ ಸಿಲಿಂಡರ್ ಬೈಕು, ಫೋನನ್ನ ಹ್ಯಾಂಡಲ್ ಮೌಂಟಲ್ಲಿ ಹಾಕ್ಕೊಂಡು ಸುಮಾರು 5 ಸಾವಿರ ಕಿ.ಮೀ. ಓಡ್ಸಿರ್ಬೇಕು, ಒಂದಿನ ಕ್ಯಾಮೆರಾ ಓಪನ್ ಮಾಡಿದ್ರೆ ನಿಂತ್ ಜಾಗದಲ್ಲೇ ಚಿತ್ರ ಗಡಗಡ ನಡುಗ್ತಿದೆ, ಫೋಕಸ್ ಕೂರ್ತಾನೇ ಇಲ್ಲ. ಫೋನಿನ ಕ್ಯಾಮೆರಾ ಭಾಗ ಬದ್ಲಾಯಿಸೋಕೆ 9 ಸಾವಿರದ ಹತ್ತಿರ ಹೋಯ್ತು. 2021ರಲ್ಲಿ ಆಪಲ್‌ನವ್ರೇ ಬೈಕ್ ಎಂಜಿನ್ ವೈಬ್ರೇಷನ್ನಿಂದ ಕ್ಯಾಮೆರಾದ ಓಐಎಸ್ (ಕೈ ನಡುಗಿದ್ರೂ ಚಿತ್ರ ಅಲುಗದ ಹಾಗೆ ನೋಡ್ಕೊಳ್ಳೋ ಭಾಗ) ಕೆಡ್ಬಹುದು, ನೇರವಾಗಿ ಬೈಕಿಗೆ ಫಿಕ್ಸ್ ಮಾಡ್ಬೇಡಿ ಅಂತ ಹೇಳಿದ್ರು. ಓಐಎಸ್ ಇರೋ ಯಾವ ಫೋನಿಗಾದ್ರೂ ಇದೇ ಪಾಡು ಬರ್ಬಹುದು, ಜಿಪಿಎಸ್‌ಗೆ ಹಳೇ ಫೋನ್ ಇಟ್ಕೊಳ್ಳಿ.

ಆಮೇಲೆ ಟ್ಯಾಂಕ್ ಬ್ಯಾಗಲ್ಲಿ ದೊಡ್ಡ ಕ್ಯಾಮೆರಾ, ಡಿಎಸ್‌ಎಲ್‌ಆರ್. ಹಂಪಿಗೆ 3 ದಿನದ ರೈಡು, ತೆಗೆದಿದ್ದು 40 ಫೋಟೋ ಇದ್ರೆ ಹೆಚ್ಚು. ಆನೆಗುಂದಿ ಹತ್ರ ಒಬ್ಬ ಹರಿಗೋಲಲ್ಲಿ ಬೈಕ್ ನಿಲ್ಲಿಸ್ಕೊಂಡು ಹೊಳೆ ದಾಟ್ತಿದಾನೆ, ಸಂಜೆ ಬಿಸಿಲು ಸರಿಯಾಗಿ ಅವನ ಮೇಲೇ ಬಿದ್ದಿದೆ. ನಾನು ಗ್ಲೌಸ್ ತೆಗ್ದು, ಹೆಲ್ಮೆಟ್ ತೆಗ್ದು ಮಿರರ್‌ಗೆ ಹಾಕಿ, ರೇನ್ ಕವರ್ ಬಿಚ್ಚಿ, ಜಿಪ್ ಎಳ್ದು, ಲೆನ್ಸ್ ಕ್ಯಾಪ್ ತೆಗಿಯೋಷ್ಟ್ರಲ್ಲಿ ಹರಿಗೋಲು ಆಚೆ ದಡ ಮುಟ್ಟಿತ್ತು. ಆ ಫೋಟೋ ಸಿಗ್ಲಿಲ್ಲ ಅನ್ನೋ ಸಂಕಟ ಇವತ್ತಿಗೂ ಇದೆ.

ಮೂರನೇದು ಒಂದು ಸೆಕೆಂಡ್‌ಹ್ಯಾಂಡ್ ಕಾಂಪ್ಯಾಕ್ಟು, 9 ಸಾವಿರ. ಜಾಕೆಟ್ ಜೇಬಲ್ಲಿ ಬಿಗಿಯಾಗಿ ಇಟ್ಟಿದ್ದೆ, ಓಡ್ಸುವಾಗ ಪವರ್ ಬಟನ್ ಒತ್ಕೊಂಡು ಲೆನ್ಸ್ ಹೊರಗೆ ಬರೋಕೆ ಜಾಗ ಇಲ್ದೆ ಒಳಗೇ ಗುದ್ದಾಡಿ ಗೇರ್ ಹಲ್ಲು ಹೋಯ್ತು. ರಿಪೇರಿಗೆ ಆರೂವರೆ ಸಾವಿರ ಅಂದ್ರು, ಅಲ್ಲೇ ಬಿಟ್ಟೆ.

ಇಷ್ಟಾದ್ಮೇಲೆ ಸ್ಪೆಕ್ ಶೀಟ್ ನೋಡೋದು ನಿಲ್ಲಿಸ್ದೆ. ರೈಡಿಂಗ್ ಗ್ಲೌಸ್, ಫುಲ್ ಫೇಸ್ ಹೆಲ್ಮೆಟ್, ಕೂಲಿಂಗ್ ಗ್ಲಾಸ್ ಮೂರೂ ತಗೊಂಡು ಬೆಂಗ್ಳೂರಲ್ಲಿ ಹಳೇ ಕ್ಯಾಮೆರಾ ಮಾರೋ ಅಂಗಡಿಗೆ ಹೋದೆ. "ಏನ್ ಸಾರ್, ಹೆಲ್ಮೆಟ್ ಹಾಕ್ಕೊಂಡೇ ನೋಡ್ತೀರಾ?" ಅಂದ್ರು ಅಂಗಡಿಯವ್ರು. ಹೂಂ ಸಾರ್, ಹಾಕ್ಕೊಂಡೇ ತಾನೇ ತೆಗಿಯೋದು ಅಂದೆ. ಅರ್ಧ ಗಂಟೇಲಿ ನನಗೆ ತಿಳ್ದಿದ್ದು ಯಾವ ರಿವ್ಯೂನಲ್ಲೂ ಇರ್ಲಿಲ್ಲ. ವ್ಯೂಫೈಂಡರ್ (ಕಣ್ಣಿಟ್ಟು ನೋಡೋ ಕಿಂಡಿ) ಇರೋದೇ ತಗೋ, ಬಿಸಿಲಿಗೆ ಬೇಕು ಅಂತ ಎಲ್ರೂ ಹೇಳ್ತಾರಲ್ಲ, ಫುಲ್ ಫೇಸ್ ಹೆಲ್ಮೆಟ್ಟಲ್ಲಿ ಕಣ್ಣು ಅದರ ಹತ್ರಾನೂ ಹೋಗಲ್ಲ, ಗಲ್ಲದ ಭಾಗ ಅಡ್ಡ ಬರುತ್ತೆ. ಪೋಲರೈಸ್ಡ್ ಗ್ಲಾಸ್ ಹಾಕಿದ್ರೆ ಕೆಲವು ಸ್ಕ್ರೀನು ಅಡ್ಡ ಹಿಡ್ದಾಗ ಸರಿ ಕಾಣುತ್ತೆ, ಉದ್ದ ಹಿಡ್ದ್ರೆ ಪೂರ್ತಿ ಕಪ್ಪು, ಕೆಲವಕ್ಕೆ ಉಲ್ಟಾ. ಇದನ್ನ ಅಂಗಡೀಲೇ ನೋಡ್ಕೋಬೇಕು.

ಫ್ರೆಂಡ್ ಹತ್ರ ಇದ್ದ ಒಲಿಂಪಸ್ ಟಿಜಿ-5 ಒಂದ್ ವಾರ ಇಟ್ಕೊಂಡಿದ್ದೆ. 15 ಮೀಟರ್ ನೀರಿಗೆ ಹೋಗುತ್ತೆ, ಬಿದ್ರೂ ಚಿಂತೆ ಇಲ್ಲ, ಲೆನ್ಸ್ ಹೊರಗೇ ಬರಲ್ಲ, ಬೈಕ್‌ಗೆ ಅಂತಾನೇ ಮಾಡ್ದಂಗಿದೆ. ಆದ್ರೆ ಬೆಳಕು ಹಿಡಿಯೋ ಸೆನ್ಸರ್ ಪುಟ್ಟದು, ಆಗುಂಬೆ ಕಾಡಲ್ಲಿ ಸಂಜೆ ಐದಕ್ಕೇ ಎಲೆ ಎಲ್ಲಾ ಕಲೆಸಿದ ಹಸಿರು ಬಣ್ಣ ಆಗ್ಬಿಡುತ್ತೆ. ರಿಕೋ ಜಿಆರ್ 2 ಕೂಡ ಕೈಗೆ ಬಂದಿತ್ತು, ಎಪಿಎಸ್-ಸಿ ಅನ್ನೋ ದೊಡ್ಡ ಸೆನ್ಸರ್ರು, 250 ಗ್ರಾಂ ಚಿಲ್ರೆ, ಒಂದೇ ಕೈಲಿ ಎಲ್ಲಾ ಬಟನ್ ಸಿಗುತ್ತೆ. ನಡ್ಕೊಂಡು ಓಡಾಡೋನಾಗಿದ್ರೆ ಅದನ್ನೇ ತಗೋತಿದ್ದೆ. ಜೂಮ್ ಇಲ್ಲ, ಅಗಲವಾಗಿ ಕಾಣೋ 28 ಎಂಎಂ ಲೆನ್ಸ್ ಒಂದೇ ಇರೋದ್ರಿಂದ ಮೂರು ಹೇರ್‌ಪಿನ್ ಕೆಳಗಿರೋ ಬೈಕು ಇರುವೆ ಥರ ಕಾಣುತ್ತೆ.

ಕೊನೆಗೆ ತಗೊಂಡಿದ್ದು ಸೋನಿ ಆರ್‌ಎಕ್ಸ್ 100, ಮೊದಲನೇ ಮಾಡೆಲ್ಲೇ, 2012ರದ್ದು. ಒಂದಿಂಚಿನ ಸೆನ್ಸರ್, 28-100 ಎಂಎಂ ಜೂಮ್, ಬ್ಯಾಟರಿ ಸೇರಿ 240 ಗ್ರಾಂ. ಇದರದ್ದೇ ಮೂರನೇ ಮಾಡೆಲ್ಲು ಮಾರ್ಕ್ 3 ತಗೋ ಅಂತ ಎಲ್ರದ್ದೂ ಒತ್ತಾಯ, ಅದರ ಲೆನ್ಸ್ 70ಕ್ಕೆ ನಿಲ್ಲುತ್ತೆ, ಪಾಪ್ ಅಪ್ ವ್ಯೂಫೈಂಡರ್ ಹೆಲ್ಮೆಟ್ಟಲ್ಲಿ ವೇಸ್ಟು, ಮೇಲಿಂದ ಆಗ 11-12 ಸಾವಿರ ಜಾಸ್ತಿ ಇತ್ತು. ನಂದು 17 ಸಾವಿರಕ್ಕೆ ಎರಡು ಬ್ಯಾಟರಿ ಸಮೇತ ಬಂತು. ಮೈಕ್ರೋ ಯುಎಸ್‌ಬಿಲೇ ಚಾರ್ಜ್ ಆಗುತ್ತೆ, ಬೈಕ್ ಚಾರ್ಜರ್ರೇ ಸಾಕು.

ಅದರ ಒಂದೇ ತೊಂದ್ರೆ, ಮೈ ಸೋಪ್ ಥರ ನುಣುಪು. ಪಂಕ್ಚರ್ ಅಂಗಡೀಲಿ ಹಳೇ ಟ್ಯೂಬಿನ ತುಂಡು ಇಸ್ಕೊಂಡು ಹೆಬ್ಬೆರಳಗಲ ಕತ್ತರಿಸಿ ಡಬಲ್ ಟೇಪಲ್ಲಿ ಮುಂದೆ ಅಂಟಿಸ್ದೆ. ಪಂಕ್ಚರ್ ಹಾಕೋ ಸಲ್ಯೂಷನ್ (ಅಂಟು) ಹಚ್ಬೇಡಿ, ಪೇಂಟ್ ತಿನ್ನುತ್ತೆ. ಮಳೇಲಿ ಒದ್ದೆ ಗ್ಲೌಸಲ್ಲೂ ಒಂದ್ ಸಲಾನೂ ಜಾರಿಲ್ಲ.

ಇನ್ನು ನಿಜವಾದ ಗುಟ್ಟು ಇರೋದು ಇಡೋ ಜಾಗದಲ್ಲಿ. ಬೈಕ್ ಮೇಲೆ ಎಲ್ಲೂ ಇಡಲ್ಲ, ಎದೆ ಮೇಲೆ ಪೌಚು, ನಡುಕ ಎಲ್ಲಾ ನಮ್ ಮೈ ಕುಡ್ಕೊಳ್ಳುತ್ತೆ. ಸೀಟ್ ಕವರ್ ಹೊಲಿಯೋರ ಹತ್ರ 350 ರೂಪಾಯಿಗೆ ರೆಕ್ಸಿನ್‌ದು ಹೊಲ್ಸಿದೆ, ಒಳಗೆ ಹವಾಯಿ ಚಪ್ಪಲಿ ಅಟ್ಟೆ ಕತ್ತರಿಸಿ ಹಾಕಿದೀನಿ. ಪವರ್ ಬಟನ್ ಒತ್ಕೊಳ್ಳದ ಹಾಗೆ ಒಳಗೊಂದು ಮಡಿಕೆ ಕೊಡ್ಸಿದೀನಿ, ಅದು ಹೇಗೆ ಅಂತ ಸದ್ಯಕ್ಕೆ ನನ್ ಹತ್ರಾನೇ ಇರ್ಲಿ, ನಾಲ್ಕು ಪೌಚ್ ಹಾಳ್ ಮಾಡಿ ಕಲ್ತಿದ್ದು. ಸೈಡ್ ಸ್ಟ್ಯಾಂಡ್ ಹಾಕಿದ್ದರಿಂದ ಕ್ಲಿಕ್ ತನಕ 8-9 ಸೆಕೆಂಡು, ನಮ್ ಗ್ಯಾಂಗಲ್ಲಿ ಫೋನ್ ಇಟ್ಕೊಂಡೋರು ಯಾರೂ ಇಷ್ಟು ಬೇಗ ತೆಗ್ದಿಲ್ಲ. ಕ್ಯಾಮೆರಾ ಡಯಲ್ಲು ಯಾವಾಗ್ಲೂ ಎಂಆರ್ (ಸೇವ್ ಮಾಡಿಟ್ಟ ಸೆಟ್ಟಿಂಗ್) ಮೇಲೇ ಇರುತ್ತೆ, ಅದರಲ್ಲಿ ಎಸ್ ಮೋಡು (ಶಟರ್ ವೇಗ ನಾವೇ ಇಡೋದು), 1/500 ಸೆಕೆಂಡು, ಬೆಳಕಿಗೆ ತಕ್ಕಂತೆ ತಾನೇ ಬದ್ಲಾಗೋ ಆಟೋ ಐಎಸ್‌ಒ 1600ರ ತನಕ ಸೇವ್ ಮಾಡಿದೀನಿ.

ಮಧ್ಯೆ ತೇವಕ್ಕೆ ಲೆನ್ಸ್ ಒಳಗೆ ಫಂಗಸ್ (ಬೂಷ್ಟು) ಕಟ್ಟುತ್ತೆ ಅನ್ನೋ ಭಯಕ್ಕೆ ಒಂದು ಪ್ರಯೋಗಾನೂ ಮಾಡ್ದೆ. ಎರಡು ಗಾಳಿ ಆಡದ ಡಬ್ಬಿ, ಒಂದರಲ್ಲಿ ಅಕ್ಕಿ, ಒಂದರಲ್ಲಿ ಸಿಲಿಕಾ ಜೆಲ್, ಎರಡಕ್ಕೂ 250 ರೂಪಾಯಿಯ ತೇವ ತೋರ್ಸೋ ಮೀಟರ್. ಸಕಲೇಶಪುರದ ಹೋಮ್‌ಸ್ಟೇನಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ನೋಡಿದ್ರೆ ಅಕ್ಕಿ ಡಬ್ಬಿ ತೇವ ಶೇಕಡಾ 70ರ ಆಸುಪಾಸು, ಜೆಲ್ ಡಬ್ಬಿ 35ಕ್ಕೆ ಇಳ್ದಿತ್ತು. ಅಕ್ಕಿ ಸಾಕು ಅನ್ನೋ ಮಾತು ಅಲ್ಲಿಗೆ ಮುಗೀತು, ಮೇಲಿಂದ ಅದರ ಪುಡಿ ಲೆನ್ಸ್ ಸಂದಿಗೂ ಹೋಗುತ್ತೆ. ಜೆಲ್ ಬಣ್ಣ ಬದ್ಲಾದ್ರೆ ತವಾ ಮೇಲೆ ಸಣ್ಣ ಉರೀಲಿ ಬಿಸಿ ಮಾಡಿ ಮತ್ತೆ ಬಳಸ್ಬಹುದು, ಮನೇಲಿ ಅದಕ್ಕೆ ಬೇರೆ ತವಾನೇ ಇಡ್ಬೇಕಾಯ್ತು. ಮಂಗ್ಳೂರು ಕಡೆ ಎಸಿ ರೂಮಿಂದ ಹೊರಗೆ ತಂದ ತಕ್ಷಣ ಲೆನ್ಸ್ ಮೇಲೆ ಆವಿ ಕೂರುತ್ತೆ, ರೂಮಲ್ಲೇ ಜಿಪ್ ಕವರಲ್ಲಿ ಹಾಕಿ, ಹೊರಗೆ ತಂದು ಅರ್ಧ ಗಂಟೆ ಬಿಟ್ಟು ತೆಗೀರಿ.

ಇಲ್ಲಿಗೆ ಸುಮಾರು 22 ಸಾವಿರ ಕಿ.ಮೀ. ಆಗಿದೆ, ಕುದುರೆಮುಖ, ಜೋಗ, ಮರವಂತೆ ಎಲ್ಲಾ ಕಡೆ ಬಂದಿದೆ, ಇನ್ನೂ ರಿಪೇರಿಗೆ ಅಂತ ಒಂದ್ ರೂಪಾಯಿ ಕೊಟ್ಟಿಲ್ಲ. ನೀವೂ ಹಳೇದೇ ತಗೋಳೋದಾದ್ರೆ ಕತ್ತಲೆ ಮೂಲೆಗೆ ಹೋಗಿ ಫೋನ್ ಟಾರ್ಚನ್ನ ಓರೆಯಾಗಿ ಲೆನ್ಸ್ ಒಳಗೆ ಬಿಡಿ, ಜೇಡರ ಬಲೆ ಥರ ಏನಾದ್ರೂ ಕಂಡ್ರೆ ಅದು ಫಂಗಸ್. ಆಮೇಲೆ ಹತ್ತು ಸಲ ಆನ್ ಆಫ್ ಮಾಡಿ, ಒಂದೊಂದು ಸಲಾನೂ ಕಿವಿ ಹತ್ರ ಹಿಡ್ಕೊಂಡು. ಲೆನ್ಸ್ ಬರುವಾಗ ಕರಕರ ಅಂದ್ರೆ ಒಳಗೆ ಮಣ್ಣಿದೆ, ರೇಟ್ ಎಷ್ಟೇ ಇಳ್ಸಿದ್ರೂ ಬಿಟ್ಟು ಬನ್ನಿ.