ಹಿತ್ತಲಿನ ಕೊಳ, ಚಾವಡಿಯ ತೊಟ್ಟಿ: ನಡುವೆ ಬಕೆಟ್ ಬೇಡ

ಉಡುಪಿ ಬಳಿಯ ಪರ್ಕಳದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಮನೆಯ ಹಿತ್ತಲಿನಲ್ಲಿ ಕಪ್ಪೆ, ಹುಳಹುಪ್ಪಟೆಗಳಿಗಾಗಿ 6 ಅಡಿ ಉದ್ದ, 4 ಅಡಿ ಅಗಲದ ಕೊಳವೊಂದಿದೆ. ಚಾವಡಿಯಲ್ಲಿ ಗಪ್ಪಿ ಮೀನುಗಳಿಗೆ 2 ಅಡಿಯ ಗಾಜಿನ ತೊಟ್ಟಿ. ನೋಡಲು ಬಂದವರ ಮೊದಲ ಪ್ರಶ್ನೆ, ಕೊಳಕ್ಕೆ ಎಷ್ಟು ಎಚ್‌ಪಿ ಪಂಪ್ ಎಂದು. ಪಂಪೇ ಬೇಡ ಎಂದರೆ ನಂಬುವುದಿಲ್ಲ. ಗೊದಮೊಟ್ಟೆಗಳನ್ನು ಪಂಪ್ ಸೆಳೆದು ಅರೆದುಹಾಕುತ್ತದೆ, ಹುಳಹುಪ್ಪಟೆಗೆ ಬೇಕಾದದ್ದು ನಿಂತ ನೀರು. ರಿಪೇರಿಗೆ ಬಂದ ಕೊಳದ ಪಂಪುಗಳನ್ನು ಬಿಚ್ಚಿ, ಒಳಗೆ ಏನೇನು ಸಿಕ್ಕಿಕೊಂಡಿರುತ್ತದೆ ಎಂದು ನೋಡಿದವನು ನಾನು.

ಅಗೆಯುವ ಮೊದಲು ಒಂದು ಮಳೆಗಾಲ ಸುಮ್ಮನೆ ಹಿತ್ತಲನ್ನು ನೋಡಿ. ಮುರಕಲ್ಲಿನ (ಲ್ಯಾಟರೈಟ್) ಹಾಸಿನಲ್ಲಿ ತಾನಾಗಿ ನೀರು ನಿಲ್ಲುವ ತಗ್ಗು ಇದ್ದರೆ ಅದನ್ನು ಮುಟ್ಟಬೇಡಿ. ಹೆಬ್ಬೆರಳ ಉಗುರಿನಷ್ಟೇ ಇರುವ ಮೈಕ್ರೋಹೈಲಾ ಲ್ಯಾಟರೈಟ್ ಎಂಬ ಕಪ್ಪೆಯನ್ನು 2016ರಲ್ಲಿ ಹೊಸ ಪ್ರಭೇದವೆಂದು ಗುರುತಿಸಿದ್ದು ಮಣಿಪಾಲದ ಸುತ್ತಲಿನ ಇಂಥ ಹಾಸುಗಳಲ್ಲೇ. ಅದರ ಕೂಗು ಜೀರುಂಡೆಯ ಸದ್ದಿನಂತಿರುವುದರಿಂದ ಎಷ್ಟೋ ಕಾಲ ನಾವು ಜೀರುಂಡೆಯೆಂದೇ ತಿಳಿದು ಮಲಗಿದ್ದಿರಬಹುದು. ಎರಡು ವರ್ಷಗಳ ಬಳಿಕ ಮಂಗಳೂರಿನಿಂದಲೂ ಅದರ ದಾಯಾದಿಯೊಂದು ಹೊರಬಂತು, ಮೈಕ್ರೋಹೈಲಾ ಕೊಡಿಯಾಲ್. ಕೊಂಕಣಿಯವರು ಊರಿಗೆ ಕರೆಯುವ ಹೆಸರೇ ಅದಕ್ಕೆ.

ತಗ್ಗು ಇಲ್ಲದವರು ಅಗೆಯಿರಿ. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳುವ ಜಾಗ ಸಾಕು. ಆಳ ಒಂದೂವರೆ ಅಡಿ. ಒಂದು ಬದಿಯಾದರೂ ಇಳಿಜಾರಾಗಿರಲಿ, ಬಿದ್ದ ಜೀವ ಹತ್ತಿ ಬರಬೇಕಲ್ಲ. ಅಗೆದ ಮುರಕಲ್ಲು ನೀರು ಹಿಡಿಯುವುದಿಲ್ಲ, ಆದ್ದರಿಂದ ಸಿಲ್ಪಾಲಿನ್ ಎಂಬ ದಪ್ಪ ಪ್ಲಾಸ್ಟಿಕ್ ಹಾಳೆ ಬೇಕು. ಉದ್ದಕ್ಕೆ ಎರಡು ಪಟ್ಟು ಆಳ, ಅಂಚಿಗೆ ಎರಡು ಬದಿಯಲ್ಲಿ ಒಂದೊಂದು ಅಡಿ ಸೇರಿಸಿ, ಅಗಲಕ್ಕೂ ಹಾಗೆಯೇ. ನನ್ನ ಅಳತೆಗೆ 11 ಅಡಿಗೆ 9 ಅಡಿಯ ಹಾಳೆ ಬೇಕಾಯಿತು. ಕಲ್ಲಿನ ಮೊನೆ ಚುಚ್ಚದಂತೆ ಕೆಳಗೆ ಹಳೆಯ ಫ್ಲೆಕ್ಸ್ ಎರಡು ಪದರ ಹಾಸಿದೆ. ಯಕ್ಷಗಾನದ ಫ್ಲೆಕ್ಸ್ ಒಂದು, ಚುನಾವಣೆಯದು ಒಂದು. ಎರಡೂ ಚೆನ್ನಾಗಿ ಬಾಳಿಕೆ ಬಂದಿವೆ.

ಮೊದಲ ವರ್ಷ ಜುಲೈನಲ್ಲಿ ಒಂದು ಬೆಳಿಗ್ಗೆ ನೋಡಿದರೆ ಕೊಳದ ನಡುವೆ ಎಮ್ಮೆಯ ಬೆನ್ನಿನಂತೆ ಹಾಳೆ ಉಬ್ಬಿ ನಿಂತಿತ್ತು. ನೆಲದಡಿಯ ಒರತೆ ಏರಿ ಹಾಳೆಯನ್ನು ಕೆಳಗಿನಿಂದ ಎತ್ತಿತ್ತು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಊರಿನಲ್ಲಿ ಇದು ಮೊದಲೇ ಹೊಳೆಯಬೇಕಿತ್ತು. ಮರುವರ್ಷ ಅರ್ಧ ಆಳವನ್ನು ಮಾತ್ರ ನೆಲದೊಳಗೆ ಬಿಟ್ಟು, ಉಳಿದರ್ಧಕ್ಕೆ ಸುತ್ತ ಮುರಕಲ್ಲು ಕಟ್ಟಿ ಹೊರಗಿನಿಂದ ಮಣ್ಣಿನ ಇಳಿಜಾರು ಕೊಟ್ಟೆ. ಹೆಚ್ಚಾದ ನೀರು ತೆಂಗಿನ ಬುಡಕ್ಕೆ ಹೋಗುವಂತೆ ಒಂದು ಕಡೆ ಅಂಚು ತಗ್ಗಿಸಿದ್ದೇನೆ. ಚಿಕ್ಕ ಮಕ್ಕಳಿರುವ ಮನೆಯಾದರೆ ಮೇಲೊಂದು ಕಬ್ಬಿಣದ ಜಾಲರಿ ಹಾಕಲೇಬೇಕು.

ಈಗ ಸೊಳ್ಳೆಯ ವಿಚಾರ. ಹೊಸ ನೀರಿಗೆ ಮೊದಲು ಬರುವುದು ಅದೇ. ನಮ್ಮ ಸೆಕೆಗೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಅದನ್ನು ತಿನ್ನುವವರು ಆಮೇಲೆ ಬರುತ್ತಾರೆ. ಆ ನಡುವಿನ ಒಂದು ತಿಂಗಳು ನೀವೇ ಕಾವಲು. ಚಹಾ ಸೋಸುವ ಜಾಲರಿಗೆ ಕೋಲು ಕಟ್ಟಿ ದಿನಾ ಸಂಜೆ ಅಂಚಿನ ಹುಳಗಳನ್ನು ತೆಗೆದು ಹಾಕಿ. ಮೀನು ಬಿಟ್ಟರೆ ಸುಲಭವಲ್ಲವೇ ಎನ್ನುತ್ತಾರೆ. ಸುಲಭವೇ, ಗೊದಮೊಟ್ಟೆಯೂ ಕಪ್ಪೆಯ ಮೊಟ್ಟೆಯೂ ಜೊತೆಗೇ ಹೋಗುತ್ತವೆ. ಕೊಳದಲ್ಲಿ ಮೀನು ಬೇಕೋ ಕಪ್ಪೆ ಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಿ.

ಒಮ್ಮೆ ಆಶಾ ಕಾರ್ಯಕರ್ತೆ ಟಾರ್ಚ್ ಹಿಡಿದು ಬಂದರು. ಕೊಳ ಕಂಡು ಅವರ ಮುಖ ಸಣ್ಣಗಾಯಿತು. ಬಗ್ಗಿ ಬಹಳ ಹೊತ್ತು ನೋಡಿ, "ಇದರಲ್ಲಿ ಏನೂ ಇಲ್ಲವಲ್ಲ ಅಣ್ಣಾ" ಎಂದರು. ನಾನು ಎದೆಯುಬ್ಬಿಸುವಷ್ಟರಲ್ಲಿ ಸೌದೆ ಕೊಟ್ಟಿಗೆಯ ಬಳಿ ಬಿದ್ದಿದ್ದ ಅಡಿಕೆ ಹಾಳೆಗೆ ಟಾರ್ಚ್ ಬಿಟ್ಟರು. "ಇಲ್ಲಿ ನೋಡಿ." ಅಂಗೈಯಷ್ಟು ನೀರಿನಲ್ಲಿ ಹುಳಗಳು ಕುಣಿಯುತ್ತಿದ್ದವು. ಡೆಂಗಿಯ ಸೊಳ್ಳೆಗೆ ಹಾಳೆ, ಕರಟ, ಹೂಕುಂಡದ ತಟ್ಟೆಯೇ ಅರಮನೆ. ಕೊಳ ಮಾಡುವವರು ಇವನ್ನು ವಾರಕ್ಕೊಮ್ಮೆ ಕವುಚಿ ಹಾಕಬೇಕು.

ಒಂದು ತಿಂಗಳಾದ ಮೇಲೆ ನೆಂಟರು ತಾವಾಗಿಯೇ ಬರುತ್ತಾರೆ, ಎಲ್ಲಿಂದಲೂ ತರಬೇಡಿ. ನೀರಿನ ಮೇಲೆ ಓಡುವ ಹುಳ, ಅಂಗಾತ ಈಜುವ ಹುಳ, ಚಪ್ಪಟೆ ಕಂದು ನೀರುತಿಗಣೆ. ಈ ತಿಗಣೆಯ ಬೆನ್ನ ತುಂಬ ಮೊಟ್ಟೆ ಅಂಟಿಕೊಂಡಿರುವುದು ಕಂಡರೆ ಅದು ಗಂಡು. ಹೆಣ್ಣು ಮೊಟ್ಟೆಯಿಟ್ಟು ಹೋಗುತ್ತದೆ. ಒಡೆದು ಮರಿಯಾಗುವವರೆಗೆ ಹೊರುವುದು ಅಪ್ಪನ ಕೆಲಸ. ಕೈಯಲ್ಲಿ ಹಿಡಿಯಬೇಡಿ, ಚುಚ್ಚಿದರೆ ಉರಿಯುತ್ತದೆ. ನಾವು ಚಿಕ್ಕವರಿದ್ದಾಗ ಬಾಲಕ್ಕೆ ನೂಲು ಕಟ್ಟುತ್ತಿದ್ದ ಏರೋಪ್ಲೇನ್ ಚಿಟ್ಟೆಗಳಿಗಾಗಿ ನೀರಿನಲ್ಲಿ ಎರಡು ಒಣ ಕೋಲು ನಿಲ್ಲಿಸಿ. ಅವುಗಳ ಮರಿ ರಾತ್ರಿ ಕೋಲು ಹತ್ತಿ, ಬೆನ್ನು ಸೀಳಿ, ರೆಕ್ಕೆಯೊಡನೆ ಹೊರಬರುತ್ತದೆ. ಬೆಳಿಗ್ಗೆ ಬರಿಯ ಪೊರೆ ಉಳಿದಿರುತ್ತದೆ. ಪಕ್ಕದ ಮನೆಯ ಹೊಸ ಕೆಂಪು ಕಾರಿನ ಮೇಲೂ ಇವು ಬಾಲ ತಾಗಿಸಿ ಮೊಟ್ಟೆಯಿಡುತ್ತವೆ. ಹೊಳಪಿನ ತಗಡು ಅವಕ್ಕೆ ನೀರಿನಂತೆಯೇ ಕಾಣುತ್ತದೆ. ಕಾರಿನ ಯಜಮಾನರಿಗೆ ನಾನಿನ್ನೂ ಹೇಳಿಲ್ಲ.

ಬಚ್ಚಲಿಗೆ ನುಗ್ಗುವ ಮರಗಪ್ಪೆ ಕೊಳದ ಮೇಲೆ ಬಾಗಿದ ಎಲೆಗೆ ಬಿಳಿ ನೊರೆಯ ಮುದ್ದೆ ಅಂಟಿಸುತ್ತದೆ. ಕೆಲವು ದಿನಗಳಲ್ಲಿ ಗೊದಮೊಟ್ಟೆಗಳು ಅದರಿಂದ ತೊಟ್ಟಿಕ್ಕಿ ನೀರಿಗೆ ಬೀಳುತ್ತವೆ. ಕೆಳಗೆ ನೀರಿಲ್ಲದ ಗೋಡೆಗೆ ಅಂಟಿಸಿದ್ದರೆ ಅಡಿಯಲ್ಲಿ ಒಂದು ಬೇಸಿನ್ ನೀರು ಇಡಿ, ಬಿದ್ದವನ್ನು ಕೊಳಕ್ಕೆ ಸುರಿಯಿರಿ. ಕಪ್ಪೆಯಾದ ಮೇಲೆ ನೀರೊಳ್ಳೆಯೂ ಒಂದು ದಿನ ಬರುತ್ತದೆ. ಅದಕ್ಕೆ ವಿಷವಿಲ್ಲ, ಕೆಣಕಿದರೆ ಮಾತ್ರ ಕಚ್ಚುತ್ತದೆ. ಅಂಚಿಗೆ ತಿಮರೆ (ಒಂದೆಲಗ) ನೆಟ್ಟುಕೊಳ್ಳಿ, ಚಟ್ನಿಗಾಗುತ್ತದೆ.

ನನ್ನ ಕೊಳ ಒಮ್ಮೆ ಪೂರ್ತಿ ಸತ್ತಿತ್ತು. ಅಡಿಕೆಗೆ ಮದ್ದು ಬಿಡುವವರನ್ನು ಕರೆಸಿದ್ದೆ. ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಕೊಳೆರೋಗಕ್ಕೆ ಅದೇ ಬೋರ್ಡೋ ದ್ರಾವಣ. ಕೊಳದ ಪಕ್ಕದ ನಾಲ್ಕು ಮರಗಳಿಂದ ತೊಟ್ಟಿಕ್ಕಿದ್ದೇ ಸಾಕಾಯಿತು. ಮೈಲುತುತ್ತಿನ ತಾಮ್ರ ಗೊದಮೊಟ್ಟೆಗೂ ಬಸವನಹುಳುವಿಗೂ ವಿಷ. ಮೂರನೆಯ ದಿನ ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಈಗ ಮದ್ದಿನ ದಿನ ಕೊಳಕ್ಕೆ ಟಾರ್ಪಾಲ್ ಹೊದೆಸುತ್ತೇನೆ. ಮುಂದೆರಡು ಮಳೆ ಮರ ತೊಳೆದ ಮೇಲೆಯೇ ತೆಗೆಯುತ್ತೇನೆ.

ಇನ್ನು ಒಳಗಿನ ತೊಟ್ಟಿ. ನೀರು ನಲ್ಲಿಯದಾದರೆ ಕ್ಲೋರಿನ್ ಹೋಗಲು ಒಂದು ದಿನ ಬಕೆಟ್‌ನಲ್ಲಿಡಿ. ಫಿಲ್ಟರ್ ಸ್ಪಂಜಿನದೇ ಸಾಕು. ಇದೆಲ್ಲ ಅಂಗಡಿಯವರೂ ಹೇಳುತ್ತಾರೆ. ಹೇಳದಿರುವುದು ಇದು: ಕೊಳದ್ದನ್ನು ತೊಟ್ಟಿಗೆ ತರಬೇಡಿ. ಒಮ್ಮೆ ಹಿತ್ತಲಿನ ಕೊಳದ ಹೈಡ್ರಿಲ್ಲಾ ಎಂಬ ನೀರಗಿಡ ಹಸಿರಾಗಿದೆ ಎಂದು ಒಂದು ಹಿಡಿ ಕಿತ್ತು ತೊಟ್ಟಿಗೆ ಹಾಕಿದೆ. ಹದಿನಾಲ್ಕು ಗಪ್ಪಿ ಮರಿಗಳಿದ್ದವು. ವಾರದಲ್ಲಿ ಮೂರಾದವು. ದೊಡ್ಡ ಗಪ್ಪಿಗಳ ಮೇಲೆ ಅನುಮಾನಪಟ್ಟು ಅವನ್ನು ಬೇರೆ ಮಾಡಿದೆ. ಮರುದಿನ ಎರಡೇ. ರಾತ್ರಿ ಟಾರ್ಚ್ ಹಿಡಿದು ಕುಳಿತಾಗ ಎಲೆಯ ಅಡಿಯಲ್ಲಿ ಕೆಸರು ಬಣ್ಣದ್ದೊಂದು ಕಂಡಿತು, ಬೆರಳ ಗೆಣ್ಣಿನಷ್ಟು ಉದ್ದ. ಮರಿ ಹತ್ತಿರ ಬಂತು. ಮುಖದ ಅಡಿಯಲ್ಲಿ ಮಡಿಸಿಟ್ಟಿದ್ದ ಸೌಟಿನಂಥ ತುಟಿ ಮುಂದಕ್ಕೆ ಚಿಮ್ಮಿತು, ಮರಿ ಇಲ್ಲ. ಏರೋಪ್ಲೇನ್ ಚಿಟ್ಟೆಯ ಮರಿ ಅದು. ಹಿಂಬದಿಯಿಂದ ನೀರೆಳೆದು ಉಸಿರಾಡುತ್ತದೆ, ಹೆದರಿದರೆ ಅದನ್ನೇ ಹಿಂದಕ್ಕೆ ಚಿಮ್ಮಿಸಿ ಮುಂದೆ ನುಗ್ಗುತ್ತದೆ. ಸಕ್ಷನ್, ಡೆಲಿವರಿ ಎರಡೂ ಒಂದೇ ಬಾಯಲ್ಲಿರುವ ಪಂಪನ್ನು ಮೂವತ್ತು ವರ್ಷದ ಕಸುಬಿನಲ್ಲಿ ನಾನು ಕಂಡಿರಲಿಲ್ಲ.

ಗಿಡ ತೊಳೆದು ಹಾಕಿದರೆ ಸಾಲದು, ಕೆಲವು ಜಾತಿಗಳು ದಂಟಿನೊಳಗೇ ಮೊಟ್ಟೆ ಚುಚ್ಚಿಡುತ್ತವೆ. ಅಂಗಡಿಯಿಂದ ತಂದ ಗಿಡವನ್ನೂ ಬಿಳಿ ಬಕೆಟ್‌ನಲ್ಲಿ ಎರಡು ವಾರ ಬೇರೆಯಿಟ್ಟು ದಿನಾ ತಳ ನೋಡಿ. ಬಿಳಿಯ ಮೇಲೆ ಚಲಿಸುವುದೆಲ್ಲ ಕಾಣುತ್ತದೆ. ಕೋಣೆಯಲ್ಲಿ ಸೊಳ್ಳೆಗೆ ಸ್ಪ್ರೇ ಹೊಡೆಯುವಾಗ ತೊಟ್ಟಿ ಮುಚ್ಚಿ, ಗಾಳಿಯ ಪಂಪ್ ನಿಲ್ಲಿಸಿ. ಅದು ಕೋಣೆಯ ಗಾಳಿಯನ್ನೇ ನೀರಿಗೆ ತುಂಬುವ ಯಂತ್ರ. ಗಾಳಿಮಳೆಗೆ ಕರೆಂಟ್ ಹೋದ ದಿನ ಗಂಟೆಗೊಮ್ಮೆ ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ಎತ್ತಿ ಎತ್ತರದಿಂದ ಸುರಿಯಿರಿ.

ಗಪ್ಪಿ ವಿಪರೀತ ಮರಿ ಹಾಕುತ್ತದೆ. ಹೆಚ್ಚಾದವನ್ನು ಹಿತ್ತಲಿನ ಕೊಳಕ್ಕೂ ಬಿಡಬೇಡಿ, ತೋಡಿಗಂತೂ ಬಿಡಲೇಬೇಡಿ. ನಮ್ಮ ನೀರಿನ ಮೀನಲ್ಲ ಅದು. ಬೇಕಾದವರಿಗೆ ಕೊಟ್ಟುಬಿಡಿ. ನನ್ನಲ್ಲಿ ಈಗ ನಲವತ್ತರ ಮೇಲಿವೆ. ಭಾನುವಾರ ಬಿಟ್ಟು ಯಾವತ್ತಾದರೂ ಅಂಗಡಿಗೆ ಬನ್ನಿ, ಬಾಟಲಿ ನಿಮ್ಮದೇ ತನ್ನಿ.